ಬೀರುವಿನೊಳಗಿನ ಟ್ಯಾಬ್, ಕೀನ್ಯಾದ ಗೂಡಂಗಡಿ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದೆ ದಾನಿಗಳೊಬ್ಬರು ನಮ್ಮ ಶಾಲೆಗೆ 20 ಟ್ಯಾಬ್ ಕೊಟ್ಟರು. ಮೊದಲ ಒಂದು ತಿಂಗಳು ಬಳಸಿದೆವು. ಈಗ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ. ಮುಂದಿನ ತಿಂಗಳು ಚರ್ಚಾ ಸ್ಪರ್ಧೆಗೆ 'ಬಡ ದೇಶಗಳ ಪ್ರಗತಿಗೆ ಡಿಜಿಟಲ್ ತಂತ್ರಜ್ಞಾನ ಮತ್ತು ಸೃಜನಶೀಲತೆ' ಅನ್ನುವ ವಿಷಯ ಕೊಟ್ಟಿದ್ದಾರೆ. ಮಕ್ಕಳನ್ನು ತಯಾರು ಮಾಡಬೇಕು. ಆದರೆ ಆ ಬೀರು ನೋಡಿದಾಗಲೆಲ್ಲ ನನಗೇ ನಂಬಿಕೆ ಬರುವುದಿಲ್ಲ. ಇದರಿಂದ ನಿಜಕ್ಕೂ ಯಾವುದಾದರೂ ದೇಶದ ಬಡವರಿಗೆ ಒಳ್ಳೆಯದಾಗಿದೆಯಾ? ಮಕ್ಕಳಿಗೆ ಏನು ಹೇಳಲಿ?

ಉತ್ತರ: ಮೇಡಂ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ. ನಿಮ್ಮ ಶಾಲೆಯಲ್ಲಿ ಆಗಿದ್ದು ಇಡೀ ಒಂದು ದೇಶದಲ್ಲೇ ಆಗಿದೆ.

ದಕ್ಷಿಣ ಅಮೆರಿಕದ ಪೆರು ದೇಶದ ಕಥೆ ಇದು. 2005ರಲ್ಲಿ ನಿಕೋಲಸ್ ನೆಗ್ರೊಪಾಂಟೆ ಎಂಬ ಅಮೆರಿಕದ ಪ್ರೊಫೆಸರ್ ನೂರು ಡಾಲರಿನ ಲ್ಯಾಪ್‌ಟಾಪ್ ಮಾಡಿ ಬಡ ದೇಶಗಳ ಪ್ರತಿ ಮಗುವಿನ ಕೈಗೂ ಕೊಡಬೇಕು ಅಂತ ಹೊರಟರು. ಒಳ್ಳೆಯ ಮನಸ್ಸಿನಿಂದಲೇ ಹೊರಟರು. ಹಸಿರು ಬಿಳಿ ಬಣ್ಣದ ಪುಟ್ಟ ಯಂತ್ರ, ಬಿಸಿಲಿನಲ್ಲೂ ಅದರ ಪರದೆ ಕಾಣುತ್ತಿತ್ತು. ಪೆರು ಸರ್ಕಾರ 8 ಲಕ್ಷಕ್ಕೂ ಜಾಸ್ತಿ ಲ್ಯಾಪ್‌ಟಾಪ್ ಕೊಂಡು ಮಕ್ಕಳಿಗೆ ಹಂಚಿತು. ಆಮೇಲೆ ಸಂಶೋಧಕರು 319 ಹಳ್ಳಿ ಶಾಲೆಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. 2012ರಲ್ಲಿ ಫಲಿತಾಂಶ ಬಂತು. ಲ್ಯಾಪ್‌ಟಾಪ್ ಸಿಕ್ಕ ಶಾಲೆಯ ಮಕ್ಕಳಿಗೂ ಸಿಗದ ಶಾಲೆಯ ಮಕ್ಕಳಿಗೂ ಗಣಿತದಲ್ಲಾಗಲಿ ಓದಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಯಂತ್ರ ಬಂದಿತ್ತು. ಅದರಿಂದ ಏನು ಮಾಡಬೇಕು ಅನ್ನುವುದು ಆ ಹಳ್ಳಿಗಳಿಂದ ಹುಟ್ಟಿರಲಿಲ್ಲ, ಬೇರೆ ಯಾರೋ ಬೇರೆಲ್ಲೋ ಕೂತು ಯೋಚಿಸಿದ್ದರು.

ಹಾಗಾದರೆ ಎಲ್ಲೂ ಒಳ್ಳೆಯದಾಗಿಲ್ವಾ? ಆಗಿದೆ. ದೊಡ್ಡದಾಗಿಯೇ ಆಗಿದೆ. ನಿಮ್ಮ ಮಕ್ಕಳಿಗೆ ಹೇಳಲು ಒಂದೇ ಕಥೆ ಆರಿಸಿಕೊಳ್ಳಿ ಅಂತ ನನಗೆ ಯಾರಾದರೂ ಅಂದರೆ, ಕೀನ್ಯಾದ್ದು ಹೇಳುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಸಾಮಾನ್ಯವಾಗಿ ಇದನ್ನು ತಲೆಕೆಳಗಾಗಿ ಹೇಳುತ್ತಾರೆ. 'ಒಂದು ಕಂಪನಿ ಬಂತು, ಮೊಬೈಲ್‌ನಲ್ಲಿ ದುಡ್ಡು ಕಳಿಸುವ ವಿದ್ಯೆ ತಂತು, ಜನ ಉದ್ಧಾರ ಆದರು' ಅಂತ. ಆದದ್ದು ಹಾಗಲ್ಲ. ವಿದ್ಯೆ ಜನರ ಹತ್ತಿರವೇ ಇತ್ತು. ಕಂಪನಿ ಅದನ್ನು ನೋಡಿ ಕಲಿತಿದ್ದು ಆಮೇಲೆ.

2000ದ ಸುಮಾರಿನ ಪೂರ್ವ ಆಫ್ರಿಕಾ ನಿಮ್ಮ ಮಕ್ಕಳಿಗೆ ತುಂಬಾ ಹತ್ತಿರದ್ದು ಅನ್ನಿಸುತ್ತದೆ ನೋಡಿ. ಗಂಡಸರು ದುಡಿಯಲು ಕೀನ್ಯಾದ ರಾಜಧಾನಿ ನೈರೋಬಿಗೆ ಹೋಗುತ್ತಾರೆ. ಹೆಂಡತಿ ಮಕ್ಕಳು, ಅಪ್ಪ ಅಮ್ಮ ಊರಲ್ಲಿ. ನಿಮ್ಮ ಕಡೆಯಿಂದ ಮಂಗಳೂರಿಗೆ, ಗೋವಾಕ್ಕೆ, ಬೆಂಗಳೂರಿಗೆ ಹೋಗುತ್ತಾರಲ್ಲ, ಹಾಗೆಯೇ. ಬ್ಯಾಂಕ್ ಖಾತೆ ಇದ್ದವರು ಸುಮಾರು ಐದು ಜನರಲ್ಲಿ ಒಬ್ಬರು. ದುಡ್ಡನ್ನು ಲಕೋಟೆಗೆ ಹಾಕಿ ಬಸ್ಸಿನವರ ಕೈಲಿ ಕೊಡಬೇಕು, ಇಲ್ಲ ಊರಿಗೆ ಹೋಗುವ ಪರಿಚಯದವರ ಕೈಲಿ. ಕೆಲವೊಮ್ಮೆ ತಲುಪುತ್ತಿತ್ತು, ಕೆಲವೊಮ್ಮೆ ಇಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೂ ಹೀಗೇ. ನಮ್ಮ ಚಿಕ್ಕಪ್ಪ ಬೆಂಗಳೂರಿನಿಂದ ಊರಿಗೆ ಬರುವವರ ಕೈಲಿ ದುಡ್ಡು ಕಳಿಸುತ್ತಿದ್ದರು. ಅಜ್ಜಿ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಸಂಜೆತನಕ ಕೂತು ಕಾಯುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಷ್ಟರಲ್ಲಿ ಮೊಬೈಲ್ ಬಂತು. ಕರೆನ್ಸಿ ಹಾಕಿಸಲು ಗೀಚುವ ಕಾರ್ಡ್ ಬಂತು. ಬೆಳ್ಳಿ ಬಣ್ಣ ಗೀಚಿದರೆ ಕೆಳಗೆ ನಂಬರ್ ಕಾಣುತ್ತಿತ್ತಲ್ಲ, ಅದೇ. ಇಲ್ಲಿ ನೋಡಿ ಜನರ ತಲೆ ಹೇಗೆ ಓಡಿತು ಅಂತ. ಪಕ್ಕದ ಉಗಾಂಡ ದೇಶದಲ್ಲಿ, ಅದರ ರಾಜಧಾನಿ ಕಂಪಾಲಾದಲ್ಲಿ ದುಡಿಯುವ ಒಬ್ಬ ಮಗ ಒಂದು ಕಾರ್ಡ್ ಕೊಳ್ಳುತ್ತಾನೆ. ತನ್ನ ಫೋನಿಗೆ ಹಾಕಿಕೊಳ್ಳುವುದಿಲ್ಲ. ಊರಲ್ಲಿ ದುಡ್ಡು ತೆಗೆದುಕೊಂಡು ಫೋನ್ ಮಾಡಲು ಕೊಡುವ ಒಬ್ಬಾಕೆ ಇದ್ದಾಳೆ, ಆಕೆಗೆ ಫೋನ್ ಮಾಡಿ ಆ ನಂಬರ್ ಓದಿ ಹೇಳುತ್ತಾನೆ. ಆಕೆ ಅದನ್ನು ತನ್ನ ಫೋನಿಗೆ ಹಾಕಿಕೊಳ್ಳುತ್ತಾಳೆ. ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ನಗದಾಗಿ ಅವನ ತಾಯಿಯ ಕೈಗೆ ಕೊಡುತ್ತಾಳೆ. ಮುಗಿಯಿತು. ದುಡ್ಡು ಊರು ಸೇರಿತು. ಬ್ಯಾಂಕ್ ಇಲ್ಲ, ಬಸ್ ಇಲ್ಲ, ಲಕೋಟೆ ಇಲ್ಲ. ಇದಕ್ಕೆ ಅಲ್ಲಿ 'ಸೆಂಟೆ' ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ದುಡ್ಡು ಅಂತ ಅರ್ಥ. ಇದನ್ನು ಯಾವ ಇಂಜಿನಿಯರೂ ಕಂಡುಹಿಡಿಯಲಿಲ್ಲ, ಯಾರೂ ಪೇಟೆಂಟ್ ಮಾಡಲಿಲ್ಲ. ಫೋನ್ ಕಂಪನಿ ಕೊಟ್ಟಿದ್ದು ಮಾತಾಡುವ ಯಂತ್ರ, ಜನ ಅದನ್ನು ಮನಿ ಆರ್ಡರ್ ಮಾಡಿಕೊಂಡರು.

ಸೃಜನಶೀಲತೆ ಅಂದರೆ ಮಕ್ಕಳು ಸಾಮಾನ್ಯವಾಗಿ ಚಿತ್ರ ಬಿಡಿಸುವುದು, ಕವಿತೆ ಬರೆಯುವುದು ಅಂದುಕೊಂಡಿರುತ್ತಾರೆ. ಅವರಿಗೆ ಇದನ್ನು ಹೇಳಿ. ಇದು ಸೃಜನಶೀಲತೆ. ನಮ್ಮಲ್ಲೂ ಇತ್ತಲ್ಲ, ಮಿಸ್ ಕಾಲ್! ಒಂದು ರಿಂಗ್ ಅಂದರೆ 'ಊರು ಮುಟ್ಟಿದೆ', ಎರಡು ರಿಂಗ್ ಅಂದರೆ 'ನೀನೇ ಫೋನ್ ಮಾಡು'. ಕೀನ್ಯಾದಲ್ಲೂ ಅದೇ ಇತ್ತು. ಒಂದು ಪೈಸೆ ಖರ್ಚಿಲ್ಲದೆ ಸುದ್ದಿ ಮುಟ್ಟಿಸುವ ದಾರಿಯನ್ನು ಎರಡು ದೇಶದ ಬಡವರು ಒಬ್ಬರನ್ನೊಬ್ಬರು ಕೇಳದೆಯೇ ಕಂಡುಕೊಂಡರು.

ಈಗ ಕಂಪನಿಯ ಕಥೆಗೆ ಬರೋಣ. ವೊಡಾಫೋನ್ ಕಂಪನಿಯ ನಿಕ್ ಹ್ಯೂಸ್ ಮತ್ತು ಸೂಸಿ ಲೋನಿ ಎಂಬ ಇಬ್ಬರು, ಬ್ರಿಟನ್ ಸರ್ಕಾರದ ಸ್ವಲ್ಪ ನೆರವಿನಿಂದ, ಕೀನ್ಯಾದ ಸಫಾರಿಕಾಮ್ ಎಂಬ ಮೊಬೈಲ್ ಕಂಪನಿಯ ಜೊತೆ ಸೇರಿ 2005ರ ಅಕ್ಟೋಬರ್‌ನಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಅವರ ತಲೆಯಲ್ಲಿದ್ದದ್ದು ದುಡ್ಡು ಕಳಿಸುವುದಲ್ಲ, ಸಾಲದ ಕಂತು. ಅಲ್ಲಿ ಫೌಲು ಅಂತ ಒಂದು ಕಿರುಸಾಲ ಸಂಸ್ಥೆ ಇತ್ತು. ನಮ್ಮ ಸ್ವಸಹಾಯ ಸಂಘದ ಹಾಗೆ ಗುಂಪು ಮಾಡಿ, ವಾರ ವಾರ ಸಭೆ ಸೇರಿಸಿ ಸಾಲದ ಕಂತು ಕಟ್ಟಿಸಿಕೊಳ್ಳುವಂಥದ್ದು. ಆ ಕಂತನ್ನು ಮೊಬೈಲಿನಲ್ಲೇ ಕಟ್ಟಿದರೆ ಎಲ್ಲರಿಗೂ ಸುಲಭ ಅಲ್ವಾ, ಇಷ್ಟೇ ಯೋಚನೆ. ನೈರೋಬಿ ಮತ್ತು ಅದರ ಹತ್ತಿರದ ಥಿಕಾ ಪಟ್ಟಣದಲ್ಲಿ, ನಗದು ಕೊಟ್ಟರೆ ಫೋನಿಗೆ ಹಾಕುವ, ಫೋನಿನಿಂದ ಕೊಟ್ಟರೆ ನಗದು ಕೊಡುವ ಎಂಟೇ ಎಂಟು ಅಂಗಡಿ ಇಟ್ಟುಕೊಂಡು ಶುರು ಮಾಡಿದರು.

ಜನ ಏನು ಮಾಡಿದರು ಗೊತ್ತಾ? ಕಂತು ಕಟ್ಟಿದರು, ಸರಿ. ಜೊತೆಗೆ ಯಾರೂ ಹೇಳಿಕೊಡದ ಕೆಲಸಗಳನ್ನೂ ಮಾಡಿದರು. ಒಬ್ಬರ ಕಂತನ್ನು ಇನ್ನೊಬ್ಬರು ಕಟ್ಟಿ ನಗದು ಈಸಿಕೊಂಡರು. ವ್ಯಾಪಾರಿಗಳು ತಮ್ಮ ತಮ್ಮಲ್ಲೇ ಬಾಕಿ ತೀರಿಸಿಕೊಂಡರು. ಸಂಜೆ ಬ್ಯಾಂಕ್ ಮುಚ್ಚಿದ ಮೇಲೂ ಈ ಅಂಗಡಿ ತೆರೆದಿರುತ್ತಿತ್ತು, ಹಾಗಾಗಿ ದಿನದ ವ್ಯಾಪಾರದ ದುಡ್ಡನ್ನು ರಾತ್ರಿಗೆ ಅಲ್ಲಿ ಇಟ್ಟು ಬೆಳಿಗ್ಗೆ ತೆಗೆದುಕೊಂಡರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು: ಥಿಕಾಕ್ಕೆ ಹೋಗುವವರು ನೈರೋಬಿಯ ಅಂಗಡಿಯಲ್ಲಿ ದುಡ್ಡು ಕಟ್ಟಿ, ಖಾಲಿ ಜೇಬಲ್ಲಿ ಬಸ್ ಹತ್ತಿ, ಇಳಿದ ಮೇಲೆ ಅಲ್ಲಿನ ಅಂಗಡಿಯಲ್ಲಿ ದುಡ್ಡು ತೆಗೆದುಕೊಂಡರು. ದಾರಿಯಲ್ಲಿ ಕಳ್ಳರ ಭಯ ಇತ್ತಲ್ಲ, ಅದಕ್ಕೆ. ಅತ್ತ ಸಾಲ ಸಂಸ್ಥೆಯವರಿಗೆ ತಲೆನೋವು ಶುರುವಾಯಿತು. ಯಾವ ಕಂತು ಯಾರದ್ದು ಅಂತ ಲೆಕ್ಕ ಹೊಂದಿಸುವುದೇ ಕಷ್ಟವಾಯಿತು.

ಇಲ್ಲಿ ಆ ತಂಡ ಒಂದು ದೊಡ್ಡ ಕೆಲಸ ಮಾಡಿತು. ಪ್ರಯೋಗ ಕೆಟ್ಟಿತು ಅಂತ ಮುಚ್ಚಬಹುದಿತ್ತು, 'ಹಾಗೆಲ್ಲ ಬಳಸಬೇಡಿ' ಅಂತ ಜನರನ್ನು ಗದರಬಹುದಿತ್ತು. ಎರಡೂ ಮಾಡಲಿಲ್ಲ. ಸಾಲದ ಕಂತನ್ನು ಪಕ್ಕಕ್ಕಿಟ್ಟು, ಜನ ಏನು ಮಾಡುತ್ತಿದ್ದಾರೋ ಅದನ್ನೇ ಮುಂದಕ್ಕೆ ತಂದರು. 2007ರ ಮಾರ್ಚ್‌ನಲ್ಲಿ ಎಂ-ಪೆಸಾ ಅನ್ನುವ ಹೆಸರಿನಲ್ಲಿ ಇಡೀ ದೇಶಕ್ಕೆ ಬಿಟ್ಟಾಗ ಜಾಹೀರಾತಿನಲ್ಲಿ ಇದ್ದದ್ದು ಮೂರೇ ಪದ, 'ಮನೆಗೆ ದುಡ್ಡು ಕಳಿಸಿ'. ಎಂ ಅಂದರೆ ಮೊಬೈಲ್. ಪೆಸಾ ಅಂದರೆ ಸ್ವಾಹಿಲಿಯಲ್ಲಿ ದುಡ್ಡು. ಕೇಳಿದರೆ ನಮ್ಮ ಪೈಸೆ ನೆನಪಾಗುತ್ತೆ. ಅಂಗಡಿಗೆ ಅವರು 'ದುಕಾ' ಅನ್ನುತ್ತಾರೆ, ನಿಮ್ಮ ಕಡೆ ದುಕಾನ ಅನ್ನುತ್ತೀರಲ್ಲ. ಇದನ್ನು ಹೇಳಿದರೆ ಮಕ್ಕಳಿಗೆ ಖುಷಿಯಾಗುತ್ತೆ, ಕೀನ್ಯಾ ದೂರ ಅನ್ನಿಸುವುದಿಲ್ಲ.

ಒಂದು ವರ್ಷ ತುಂಬುವಷ್ಟರಲ್ಲಿ 10 ಲಕ್ಷ ಜನ ಸೇರಿದರು. ಈಗ ಆ ದೇಶದಲ್ಲಿ 3 ಕೋಟಿಗೂ ಜಾಸ್ತಿ ಜನ ಬಳಸುತ್ತಾರೆ. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಇಂಟರ್ನೆಟ್ ಬೇಕಿರಲಿಲ್ಲ. ಗುಂಡಿ ಒತ್ತುವ ಸಣ್ಣ ಫೋನ್ ಸಾಕಿತ್ತು, ಎಲ್ಲವೂ ಸಿಮ್ ಕಾರ್ಡಿನೊಳಗೇ ಇತ್ತು.

ಆದರೆ ಇಡೀ ವ್ಯವಸ್ಥೆ ನಿಂತಿರುವುದು ಫೋನಿನ ಮೇಲಲ್ಲ. ಅಂಗಡಿಯವರ ಮೇಲೆ. ಅಂಗಡಿ ಅಂದರೆ ಹೇಗಿರುತ್ತೆ ಅಂತ ಹೇಳುತ್ತೇನೆ. ಹಸಿರು ಬಣ್ಣ ಬಳಿದ ಒಂದು ಗೂಡು. ಸೋಪು, ಸಕ್ಕರೆ, ಬ್ರೆಡ್ಡು. ಕಟ್ಟೆಯ ಮೇಲೆ ಗೆರೆ ಹಾಕಿದ ಒಂದು ನೋಟ್‌ಪುಸ್ತಕ. ನೀವು ಸಾವಿರ ಶಿಲ್ಲಿಂಗ್ (ನಮಗೆ ರೂಪಾಯಿ ಇದ್ದ ಹಾಗೆ ಅವರಿಗೆ ಶಿಲ್ಲಿಂಗ್) ಕೊಟ್ಟರೆ ಆಕೆ ನಿಮ್ಮ ಗುರುತಿನ ಚೀಟಿ ನೋಡಿ, ಹೆಸರು, ನಂಬರ್, ಮೊತ್ತ ಬರೆದುಕೊಂಡು, ತನ್ನ ಫೋನಿನಿಂದ ನಿಮ್ಮ ಫೋನಿಗೆ ಅಷ್ಟು ದಾಟಿಸುತ್ತಾಳೆ. ಇಬ್ಬರ ಫೋನಿಗೂ ಮೆಸೇಜ್ ಬರುತ್ತದೆ. ಮೆಸೇಜ್ ಬರುವತನಕ ಯಾರೂ ಕದಲುವುದಿಲ್ಲ. ಆಮೇಲೆ ಪುಸ್ತಕದಲ್ಲಿ ಸಹಿ. ನೀವು ಊರಲ್ಲಿರುವ ಅಮ್ಮನಿಗೆ ಕಳಿಸುತ್ತೀರಿ, ಅಮ್ಮ ಅಲ್ಲಿನ ಇಂಥದ್ದೇ ಗೂಡಿಗೆ ಹೋಗಿ ನಗದು ತೆಗೆದುಕೊಳ್ಳುತ್ತಾರೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಪಟ್ಟಣದ ಅಂಗಡಿಗೆ ಎಲ್ಲರೂ ದುಡ್ಡು ಕಟ್ಟಲು ಬರುತ್ತಾರೆ, ಹಳ್ಳಿಯ ಅಂಗಡಿಗೆ ಎಲ್ಲರೂ ತೆಗೆಯಲು ಬರುತ್ತಾರೆ. ಹಾಗಾಗಿ ಪಟ್ಟಣದವರ ಹತ್ತಿರ ನೋಟು ರಾಶಿ ಬಿದ್ದು ಫೋನಿನೊಳಗಿನ ದುಡ್ಡು ಖಾಲಿ ಆಗುತ್ತೆ. ಹಳ್ಳಿಯವರ ಹತ್ತಿರ ಫೋನಿನೊಳಗೆ ದುಡ್ಡು ತುಂಬಿ ಗಲ್ಲಾಪೆಟ್ಟಿಗೆ ಖಾಲಿ ಆಗುತ್ತೆ. ಸಂತೆ ದಿನ, ಶಾಲೆ ಫೀಸು ಕಟ್ಟುವ ವಾರ ಇದು ಇನ್ನೂ ಜಾಸ್ತಿ. ಆಗ ಹಳ್ಳಿಯ ಅಂಗಡಿಯಾಕೆ ಬ್ಯಾಂಕ್ ಇರುವ ಊರಿಗೆ ಬಸ್ ಹತ್ತಿ ಹೋಗಿ ನೋಟು ತರಬೇಕು. ಎಷ್ಟು ತರಬೇಕು, ಯಾವ ದಿನ ಯಾರು ಬರಬಹುದು, ಮುಂದಿನ ಮನೆಯ ಮುದುಕಮ್ಮನ ಮಗ ಯಾವ ತಾರೀಕಿಗೆ ಕಳಿಸುತ್ತಾನೆ, ಇದೆಲ್ಲ ಆಕೆಯ ತಲೆಯಲ್ಲಿರುತ್ತೆ. ಇದನ್ನು ಸರಿಯಾಗಿ ಮಾಡಿದರೆ ಅಮ್ಮನಿಗೆ ದುಡ್ಡು ಸಿಗುತ್ತೆ, ಇಲ್ಲವಾದರೆ ಫೋನಿನಲ್ಲಿ ಎಷ್ಟು ಅಂಕಿ ಇದ್ದರೂ ಅಮ್ಮ ಬರಿಗೈಯಲ್ಲಿ ವಾಪಸ್. ಡಿಜಿಟಲ್ ಅಂತ ನಾವು ಹೇಳುವ ಬಹುಪಾಲು ಕೆಲಸ ಹೀಗೆ ಬಸ್ಸಿನಲ್ಲಿ ಓಡಾಡುವ ಒಬ್ಬ ಮನುಷ್ಯನ ಕೆಲಸ. ಈಗ ಕೀನ್ಯಾದಲ್ಲಿ ಇಂಥವರು 2 ಲಕ್ಷಕ್ಕಿಂತ ಜಾಸ್ತಿ ಇದ್ದಾರೆ. ಈ ಮಾತನ್ನು ನಿಮ್ಮ ಬೀರುವಿನ ವಿಷಯಕ್ಕೆ ಬಂದಾಗ ಮತ್ತೆ ನೆನಪಿಸುತ್ತೇನೆ.

ಸರಿ, ಇದರಿಂದ ಬಡತನ ಕಮ್ಮಿ ಆಯಿತಾ? ಇದನ್ನು ಅಳೆದವರು ಇದ್ದಾರೆ. ತವನೀತ್ ಸೂರಿ ಮತ್ತು ವಿಲಿಯಂ ಜಾಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಎಂ-ಪೆಸಾ ಬಂದ ಮೇಲೆ ಅದೇ ಕುಟುಂಬಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಹೋಗಿ ಕಂಡರು. ಮನೆಯ ಹತ್ತಿರ ಅಂಗಡಿಗಳು ಜಾಸ್ತಿಯಾದ ಕಡೆ ಏನಾಯಿತು, ಆಗದ ಕಡೆ ಏನಾಯಿತು ಅಂತ ಹೋಲಿಸಿದರು. 2016ರಲ್ಲಿ ಅವರು ಕೊಟ್ಟ ಲೆಕ್ಕದ ಪ್ರಕಾರ 1,94,000 ಕುಟುಂಬಗಳು ಕಡು ಬಡತನದಿಂದ ಹೊರಗೆ ಬಂದಿದ್ದವು. ಅಂದರೆ ಕೀನ್ಯಾದ ಒಟ್ಟು ಕುಟುಂಬಗಳಲ್ಲಿ ನೂರಕ್ಕೆ ಎರಡು. 1,85,000 ಹೆಂಗಸರು ಬರೀ ಹೊಲದ ಕೆಲಸ ಬಿಟ್ಟು ಸಣ್ಣ ವ್ಯಾಪಾರಕ್ಕೆ ಬಂದಿದ್ದರು. ನೂರಕ್ಕೆ ಎರಡು ಅಂದರೆ ಕಮ್ಮಿ ಅಂತ ಮಕ್ಕಳು ಅನ್ನಬಹುದು. ಒಂದೇ ಒಂದು ವಸ್ತುವಿನಿಂದ ಇಷ್ಟು ಆಗಿದ್ದು ಬಹಳ ದೊಡ್ಡದು, ನಂಬಿ. ಜೊತೆಗೆ ಅದು ಎಲ್ಲವನ್ನೂ ಬದಲಿಸಲಿಲ್ಲ ಅನ್ನುವುದೂ ಅದೇ ಅಂಕಿಯಲ್ಲಿದೆ. ಚರ್ಚೆಯಲ್ಲಿ ಪರ ಮಾತಾಡುವ ಮಗುವಿಗೂ ವಿರೋಧ ಮಾತಾಡುವ ಮಗುವಿಗೂ ಇದೊಂದೇ ಅಂಕಿ ಸಾಕು.

ಯಾಕೆ ಹೀಗಾಯಿತು ಅನ್ನುವುದು ಅಂಕಿಗಿಂತ ಮುಖ್ಯ. ಬಡವರನ್ನು ಕೆಳಗೆ ತಳ್ಳುವುದು ಹೆಚ್ಚಾಗಿ ಒಂದು ಕೆಟ್ಟ ದಿನ. ಮಗುವಿಗೆ ಜ್ವರ, ಎಮ್ಮೆ ಸತ್ತಿತು, ಮಳೆ ಹೋಯಿತು. ಅವತ್ತು ಐನೂರು ರೂಪಾಯಿ ಸಿಗದೆ ಒಡವೆ ಅಡ ಇಟ್ಟರೆ ಅಲ್ಲಿಂದ ಮೇಲೇಳಲು ಮೂರು ವರ್ಷ ಬೇಕು. ಅದೇ ಇಬ್ಬರ ಇನ್ನೊಂದು ಅಧ್ಯಯನ ಹೇಳುವುದು ಇದನ್ನೇ. ಇಂಥ ಪೆಟ್ಟು ಬಿದ್ದಾಗ ಎಂ-ಪೆಸಾ ಇಲ್ಲದ ಮನೆಗಳಲ್ಲಿ ಊಟ ಬಟ್ಟೆಯ ಖರ್ಚು ಸುಮಾರು 7 ಪರ್ಸೆಂಟ್ ಕುಸಿಯಿತು. ಇದ್ದ ಮನೆಗಳಲ್ಲಿ ಕುಸಿಯಲಿಲ್ಲ. ದೂರದ ಅಣ್ಣ ಒಂದಿಷ್ಟು, ಚಿಕ್ಕಮ್ಮ ಒಂದಿಷ್ಟು, ಗೆಳೆಯ ಒಂದಿಷ್ಟು, ಹೀಗೆ ಅದೇ ಸಂಜೆ ದುಡ್ಡು ಬಂತು. ನೆಂಟಸ್ತನ ಮೊದಲೇ ಇತ್ತು. ಕೈ ಚಾಚಲು ದಾರಿ ಈಗ ಸಿಕ್ಕಿತು, ಅಷ್ಟೇ.

ಬೇರೆ ದೇಶದ ಒಂದು ಸಣ್ಣ ಉದಾಹರಣೆ ಇಲ್ಲೇ ಹೇಳಿಬಿಡುತ್ತೇನೆ. ಅಫ್ಘಾನಿಸ್ತಾನದಲ್ಲಿ ಇದೇ ಮಾದರಿಯಲ್ಲಿ ಪೊಲೀಸರ ಸಂಬಳವನ್ನು ಫೋನಿಗೆ ಹಾಕಿ ನೋಡಿದರು. ಸಂಬಳ ಬಂದ ದಿನ ಕೆಲವು ಪೊಲೀಸರು ತಮಗೆ ಸಂಬಳ ಜಾಸ್ತಿ ಮಾಡಿದ್ದಾರೆ ಅಂದುಕೊಂಡರು. ಜಾಸ್ತಿ ಮಾಡಿರಲಿಲ್ಲ. ಅಲ್ಲಿಯವರೆಗೆ ನಗದು ಕೈಯಿಂದ ಕೈಗೆ ದಾಟಿ ಬರುವಾಗ ನಡುವೆ ಯಾರೋ ತೆಗೆದುಕೊಳ್ಳುತ್ತಿದ್ದರು, ಪೂರ್ತಿ ಸಂಬಳ ಅವರು ನೋಡಿಯೇ ಇರಲಿಲ್ಲ.

ಈಗ ವಿರೋಧದ ಕಡೆ ಮಾತಾಡುವ ಮಕ್ಕಳಿಗೆ. ಅದೇ ಎಂ-ಪೆಸಾವನ್ನು 2010ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ತಂದರು. ಮೂರು ವರ್ಷದಲ್ಲಿ 1 ಕೋಟಿ ಜನ ಸೇರುತ್ತಾರೆ ಅಂದಿದ್ದರು. ಅದರ ಹತ್ತಿರಕ್ಕೂ ಹೋಗಲಿಲ್ಲ, 2016ರಲ್ಲಿ ಬಾಗಿಲು ಹಾಕಿದರು. ಅಲ್ಲಿ ಬ್ಯಾಂಕ್ ಖಾತೆ ಇದ್ದವರು ಆಗಲೇ ಬಹಳ ಜನ ಇದ್ದರು. ನಮ್ಮ ದೇಶಕ್ಕೂ 2013ರಲ್ಲಿ ಬಂತು, 2019ರಲ್ಲಿ ಹೋಯಿತು. ಅದೇ ಯಂತ್ರ, ಅದೇ ಹೆಸರು, ಅದೇ ಕಂಪನಿ. ಒಂದು ಕಡೆ ಬೇರು ಬಿಟ್ಟಿದ್ದು ಇನ್ನೊಂದು ಕಡೆ ಒಣಗಿತು. ನಮ್ಮಲ್ಲಿ ಆಮೇಲೆ ಬೇರು ಬಿಟ್ಟಿದ್ದು 2016ರಲ್ಲಿ ಬಂದ ಯುಪಿಐ. ಅದು ಬ್ಯಾಂಕ್ ಖಾತೆಯ ಮೇಲೆಯೇ ನಿಂತಿದೆ. ಅಷ್ಟು ಹೊತ್ತಿಗೆ ನಮ್ಮಲ್ಲಿ ಜನಧನ ಖಾತೆಗಳು ಕೋಟಿಗಟ್ಟಲೆ ಆಗಿದ್ದವು.

ಯುಪಿಐನಲ್ಲೂ ನನಗೆ ಹಿಡಿಸಿದ್ದು ಅಂಗಡಿಯಲ್ಲಿ 'ಇಷ್ಟು ರೂಪಾಯಿ ಬಂದಿದೆ' ಅಂತ ಕೂಗಿ ಹೇಳುವ ಡಬ್ಬಿ. ಸಂತೆಯಲ್ಲಿ ಟೊಮೆಟೊ ತೂಗುತ್ತಿರುವ ಹೆಂಗಸಿಗೆ ಫೋನ್ ತೆಗೆದು ಮೆಸೇಜ್ ಓದಲು ಪುರುಸೊತ್ತು ಇರಲ್ಲ, ಎಷ್ಟೋ ಜನರಿಗೆ ಓದಲೂ ಬರಲ್ಲ. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಮೋಸ ಮಾಡುವವರೂ ಇದ್ದರು. ಇದನ್ನೆಲ್ಲ ಯಾರೋ ಸಂತೆಯಲ್ಲಿ ನಿಂತು ನೋಡಿದ್ದಾರೆ. ನೋಡದೆ ಆ ಡಬ್ಬಿ ಹುಟ್ಟುವುದಕ್ಕೆ ಸಾಧ್ಯವೇ ಇಲ್ಲ.

ಹೊಲದ ಕಡೆಯ ಉದಾಹರಣೆ ನಿಮ್ಮ ಮಕ್ಕಳಿಗೆ ಇನ್ನೂ ಚೆನ್ನಾಗಿ ಹಿಡಿಸುತ್ತೆ. ತ್ರೀಫೇಸ್ ಕರೆಂಟ್ ಬರುವುದೇ ರಾತ್ರಿ. ಅಪ್ಪ ಟಾರ್ಚ್ ಹಿಡಿದು, ಹಾವು ಚೇಳಿನ ಭಯದಲ್ಲಿ ಬದುವಿನ ಮೇಲೆ ನಡೆದು ಹೋಗಿ ಮೋಟಾರ್ ಹಾಕಬೇಕು. ಹೋದರೆ ಕರೆಂಟ್ ಇಲ್ಲ, ವಾಪಸ್ ಬಂದರೆ ಕರೆಂಟ್ ಬಂತು. ಪುಣೆಯ ಸಂತೋಷ್ ಓಸ್ತವಾಲ್ ಎಂಬ ಇಂಜಿನಿಯರ್ ತಮ್ಮ ಅಜ್ಜ ಹೀಗೆ ಪಡುತ್ತಿದ್ದ ಪಾಡು ನೋಡಿಯೇ ಫೋನಿನಿಂದ ಪಂಪ್ ಹಾಕುವ, ಆರಿಸುವ ಸಾಧನ ಮಾಡಿದರು. ನ್ಯಾನೋ ಗಣೇಶ್ ಅಂತ ಹೆಸರು. ಈಗ ನಮ್ಮಲ್ಲೂ ಮೊಬೈಲ್ ಸ್ಟಾರ್ಟರ್ ಇಲ್ಲದ ಊರು ಹುಡುಕಬೇಕು. ನಿಮ್ಮ ಮಕ್ಕಳಲ್ಲಿ ಕನಿಷ್ಠ ನಾಲ್ಕು ಜನರ ಮನೆಯಲ್ಲಾದರೂ ಇರುತ್ತೆ, ಕೇಳಿ ನೋಡಿ.

ಸಮುದ್ರದ ಕಡೆಯದ್ದೂ ಒಂದಿದೆ. 1997ರಿಂದ ಕೇರಳದ ಕರಾವಳಿಯಲ್ಲಿ ಮೊಬೈಲ್ ಟವರ್ ಬರತೊಡಗಿದವು. ನಮ್ಮ ಕನ್ನಡದವರು ಇರುವ ಕಾಸರಗೋಡೂ ಅದರಲ್ಲಿತ್ತು. ಅದಕ್ಕೆ ಮುಂಚೆ ಬೂತಾಯಿ ಮೀನು ಹಿಡಿದ ದೋಣಿಗಳು ಕಣ್ಣು ಮುಚ್ಚಿ ತಮ್ಮ ದಡಕ್ಕೇ ಬರುತ್ತಿದ್ದವು. ಒಂದು ದಡದಲ್ಲಿ ಮೀನು ಕೊಳ್ಳುವವರಿಲ್ಲದೆ ವಾಪಸ್ ಸಮುದ್ರಕ್ಕೆ ಸುರಿಯುತ್ತಿದ್ದರು, ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಇನ್ನೊಂದು ದಡದಲ್ಲಿ ಮೀನಿಲ್ಲದೆ ಗಿರಾಕಿ ವಾಪಸ್ ಹೋಗುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಲ್ಲಿ ನಿಂತೇ ಎಲ್ಲಿ ರೇಟ್ ಇದೆ ಅಂತ ಕೇಳಿಕೊಂಡು ಅತ್ತ ತಿರುಗಿಸಿದರು. ರಾಬರ್ಟ್ ಜೆನ್ಸೆನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಬರೆದ ಲೆಕ್ಕದ ಪ್ರಕಾರ ಮೀನುಗಾರರ ಲಾಭ ಸರಾಸರಿ 8 ಪರ್ಸೆಂಟ್ ಏರಿತು, ತಿನ್ನುವವರಿಗೆ ಮೀನಿನ ಬೆಲೆ 4 ಪರ್ಸೆಂಟ್ ಇಳಿಯಿತು, ಮೀನು ಸುರಿಯುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಮಾರುವವರಿಗೂ ಕೊಳ್ಳುವವರಿಗೂ ಒಟ್ಟಿಗೆ ಲಾಭ ಆಗುವುದು ಅಪರೂಪ.

ಒಂದು ದಾರಿ ಆದರೆ ಅದರ ಮೇಲೆ ಇನ್ನೊಂದು ಬರುತ್ತೆ. ಕೀನ್ಯಾದಲ್ಲಿ ಎಂ-ಪೆಸಾ ಇದ್ದದ್ದಕ್ಕೇ ಎಂ-ಕೋಪಾ ಬಂತು. ಕೋಪಾ ಅಂದರೆ ಸಾಲ ತಗೋ ಅಂತ. ಸಣ್ಣ ಸೋಲಾರ್ ಫಲಕ, ಎರಡು ಮೂರು ಬಲ್ಬು, ಫೋನ್ ಚಾರ್ಜ್ ಮಾಡಲು ಜಾಗ, ಒಂದು ರೇಡಿಯೋ. ಮೊದಲು ಸ್ವಲ್ಪ ಕಟ್ಟಿ, ಆಮೇಲೆ ದಿನಕ್ಕೆ 40 ಶಿಲ್ಲಿಂಗ್‌ನಂತೆ ಒಂದು ವರ್ಷ ಫೋನಿನಲ್ಲಿ ಕಟ್ಟಿದರೆ ಅದು ನಿಮ್ಮದೇ ಆಗುತ್ತಿತ್ತು. ದಿನಕ್ಕೆ ಅಷ್ಟು ಹೇಗೂ ಸೀಮೆಎಣ್ಣೆಗೆ ಹೋಗುತ್ತಿತ್ತು. ತಿಂಗಳಿಗೆ ಯಾಕಲ್ಲ, ದಿನಕ್ಕೆ ಯಾಕೆ? ಇದಕ್ಕೆ ಉತ್ತರ ನಮ್ಮ ಕರ್ನಾಟಕದಲ್ಲೇ ಇದೆ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದ ಹರೀಶ್ ಹಂದೆಯವರು ಒಂದು ಮಾತು ಹೇಳುತ್ತಿರುತ್ತಾರೆ. ಬೀದಿಯಲ್ಲಿ ಮಾರುವ ಒಬ್ಬಾಕೆಗೆ ತಿಂಗಳಿಗೆ 300 ರೂಪಾಯಿ ಅಂದರೆ ಆಗಲ್ಲ ಅನ್ನುತ್ತಾರೆ, ದಿನಕ್ಕೆ 10 ಅಂದರೆ ಆಗುತ್ತೆ ಅನ್ನುತ್ತಾರೆ. ಲೆಕ್ಕದಲ್ಲಿ ಎರಡೂ ಒಂದೇ. ದಿನಗೂಲಿಯ ಬದುಕಿನಲ್ಲಿ ಒಂದೇ ಅಲ್ಲ. ಮೂವತ್ತು ದಿನ ದುಡ್ಡು ಕೂಡಿಡಲು ಮನೆಯಲ್ಲಿ ಎಲ್ಲಿದೆ ಜಾಗ, ನಡುವೆ ಖರ್ಚು ಬಂದೇ ಬರುತ್ತೆ.

ಕೆಟ್ಟದ್ದನ್ನೂ ಹೇಳಲೇಬೇಕು. ದುಡ್ಡು ಸುಲಭವಾಗಿ ಓಡಾಡಿದರೆ ಸಾಲವೂ ಜೂಜೂ ಅಷ್ಟೇ ಸುಲಭವಾಗಿ ಓಡಾಡುತ್ತೆ. ಕೀನ್ಯಾದಲ್ಲಿ ರಾತ್ರಿ ಮಲಗಿದ ಜಾಗದಿಂದಲೇ ಫೋನಿನಲ್ಲಿ ಸಾಲ ತೆಗೆಯುವಂತಾಯಿತು. ಸಣ್ಣ ಸಾಲ ಕಟ್ಟಲಾಗದೆ ಲಕ್ಷಾಂತರ ಜನರ ಹೆಸರು ಸುಸ್ತಿದಾರರ ಪಟ್ಟಿಗೆ ಸೇರಿತು. ಹುಡುಗರು ಫುಟ್‌ಬಾಲ್ ಬೆಟ್ಟಿಂಗ್‌ಗೆ ಬಿದ್ದರು. ಬಡ್ಡಿ ಆ್ಯಪ್‌ಗಳಿಗೆ ಮೂಗುದಾರ ಹಾಕುವ ಕಾನೂನು ಬಂದಿದ್ದು 2021ರ ಕೊನೆಗೆ, ಅಷ್ಟರಲ್ಲಿ ಬಹಳ ಮನೆ ಹಾಳಾಗಿತ್ತು. ನಮ್ಮಲ್ಲೂ ಲೋನ್ ಆ್ಯಪ್ ಕಾಟ ನಿಮಗೆ ಗೊತ್ತೇ ಇದೆ. ಸರ್ಕಾರಗಳೂ ಎಡವುತ್ತವೆ. ಉಗಾಂಡ 2018ರ ಜುಲೈನಲ್ಲಿ ಮೊಬೈಲ್ ದುಡ್ಡಿನ ಮೇಲೆ 1 ಪರ್ಸೆಂಟ್ ತೆರಿಗೆ ಹಾಕಿತು. ಜನ ಮತ್ತೆ ನಗದಿಗೆ ಹೋದರು, ಕೆಲವೇ ತಿಂಗಳಲ್ಲಿ ಅರ್ಧಕ್ಕೆ ಇಳಿಸಬೇಕಾಯಿತು. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳವರು ತೆರಿಗೆ ನೋಟಿಸಿಗೆ ಹೆದರಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದರಲ್ಲ, ಇದೂ ಅದೇ. ನಂಬಿಕೆ ಕಟ್ಟಲು ವರ್ಷಗಳು ಬೇಕು. ಒಂದು ನೋಟಿಸ್ ಸಾಕು ಅದು ಅಲುಗಾಡಲು.

ಇನ್ನು ನಿಮ್ಮ ಬೀರು.

ಟ್ಯಾಬ್ ಯಾಕೆ ಒಳಗೆ ಹೋದವು ಅಂತ ನೀವು ಬರೆದಿಲ್ಲ. ನಾನು ನೋಡಿದ ಹತ್ತಾರು ಶಾಲೆಗಳಲ್ಲಿ ಕಾರಣ ಒಂದೇ. ಚಾರ್ಜ್ ಹಾಕುವ ಕೆಲಸ ಯಾರದ್ದೂ ಆಗಿರಲಿಲ್ಲ. ಒಡೆದರೆ ನನ್ನ ತಲೆಗೆ ಬರುತ್ತೆ ಅಂತ ಎಲ್ಲರಿಗೂ ಭಯ. ಆ ಕೀನ್ಯಾದ ಅಂಗಡಿಯಾಕೆ ನೆನಪಿದ್ದಾಳಲ್ಲ, ನಿಮ್ಮ ಶಾಲೆಯಲ್ಲಿ ಅವಳ ಜಾಗ ಖಾಲಿ ಇದೆ. ಒಂಬತ್ತನೇ ಕ್ಲಾಸಿನ ಇಬ್ಬರು ಮಕ್ಕಳಿಗೆ ಆ ಕೆಲಸ ಕೊಡಿ. ಒಂದು ನೋಟ್‌ಪುಸ್ತಕ ಕೊಡಿ. ಯಾವ ಟ್ಯಾಬ್, ಯಾರು ತಗೊಂಡರು, ಯಾವಾಗ ಕೊಟ್ಟರು, ಚಾರ್ಜ್ ಎಷ್ಟಿದೆ, ಸಹಿ. ಒಡೆದರೆ ಮಕ್ಕಳನ್ನು ಹೊಣೆ ಮಾಡುವುದಿಲ್ಲ ಅಂತ ಮುಖ್ಯೋಪಾಧ್ಯಾಯರಿಂದ ಮೊದಲೇ ಹೇಳಿಸಿ.

ಅದರಿಂದ ಏನು ಮಾಡಿಸಬೇಕು ಅಂತ ನೀವು ಈಗಲೇ ತೀರ್ಮಾನ ಮಾಡಬೇಡಿ. ಮಕ್ಕಳಿಗೆ ಒಂದು ವಾರದ ಕೆಲಸ ಕೊಡಿ: ಮನೆಯವರು ಫೋನಿನಲ್ಲಿ ಏನೇನು ಮಾಡುತ್ತಾರೆ ಅಂತ ಬರೆದುಕೊಂಡು ಬರಲಿ. ಓದಲು ಬಾರದ ಅಜ್ಜಿ ಮಾತನ್ನು ರೆಕಾರ್ಡ್ ಮಾಡಿ ಕಳಿಸುವುದು, ರೋಗ ಬಂದ ದಾಳಿಂಬೆ ಎಲೆಯ ಫೋಟೋ ಗೊಬ್ಬರದ ಅಂಗಡಿಯವರಿಗೆ ಕಳಿಸುವುದು, ಗೋವಾದಲ್ಲಿರುವ ಅಣ್ಣ ಕಿರಾಣಿ ಅಂಗಡಿಯವರ ಫೋನ್‌ಪೇಗೆ ದುಡ್ಡು ಹಾಕುವುದು, ಅವರು ಅಮ್ಮನಿಗೆ ನಗದು ಕೊಡುವುದು. ಇದನ್ನು ಬರೆದುಕೊಂಡು ಬಂದ ಮಗು ಉಗಾಂಡದ ಆ ಫೋನ್ ಹೆಂಗಸಿನ ಕಥೆಯನ್ನು ವೇದಿಕೆ ಮೇಲೆ ಯಾವ ಚೀಟಿಯೂ ಇಲ್ಲದೆ ಹೇಳುತ್ತೆ. ಆ ಪಟ್ಟಿಯಲ್ಲಿ ನಿಮ್ಮ ಟ್ಯಾಬ್‌ಗೆ ಆಗುವ ಕೆಲಸ ಒಂದಾದರೂ ಸಿಗುತ್ತೆ. ಒಂದು ಊರಿನ ಮಕ್ಕಳು ಎಲೆ ರೋಗದ ಫೋಟೋ ತೆಗೆದು, ಹೆಸರು, ತಾರೀಕು, ಯಾವ ಹೊಲ ಅಂತ ಬರೆದಿಟ್ಟಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಅಪ್ಪಂದಿರೇ ಬಂದು ಕೇಳುತ್ತಿದ್ದರು, ಹೋದ ವರ್ಷ ಈ ರೋಗ ಯಾವ ತಿಂಗಳು ಬಂದಿತ್ತು ಅಂತ.

ಹೊರಗೆ ತೆಗೆಯುವಾಗ ಒಂದು ಎಚ್ಚರಿಕೆ ಮೇಡಂ. ಎರಡು ವರ್ಷ ಸುಮ್ನೆ ಇಟ್ಟ ಬ್ಯಾಟರಿ ಕೆಲವು ಉಬ್ಬಿರುತ್ತವೆ. ಹಿಂಬದಿ ಉಬ್ಬಿದ್ದರೆ, ಪರದೆ ಸ್ವಲ್ಪ ಮೇಲೆದ್ದಿದ್ದರೆ ಅದನ್ನು ಚಾರ್ಜಿಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಬೇರೆ ಎತ್ತಿಟ್ಟು ರಿಪೇರಿ ಅಂಗಡಿಯವರಿಗೆ ತೋರಿಸಿ. ಉಳಿದವನ್ನು ಒಮ್ಮೆಗೆ ನಾಲ್ಕೈದರಂತೆ ಚಾರ್ಜ್ ಮಾಡಿ ನೋಡಿ. 20ರಲ್ಲಿ 12 ಎದ್ದರೂ ನಿಮಗೆ ಧಾರಾಳ ಸಾಕು.